ಪರದೆಯಲ್ಲಿ ಕಲಿತದ್ದು, ಕೈಗೆ ಬಾರದೆ ಉಳಿದದ್ದು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ದಂತ ವೈದ್ಯಕೀಯ ಕಾಲೇಜಿನ ಅಧ್ಯಾಪಕಿಯೊಬ್ಬರು ಮಾಡಿದ ಭಾಷಣದ ಬರಹರೂಪ)

 

ಕಾರ್ಯದರ್ಶಿಯವರು ಫೋನ್ ಮಾಡಿ, "ಡಾಕ್ಟ್ರೇ, ಇಪ್ಪತ್ತು ನಿಮಿಷ ಮಾತಾಡಬೇಕು, ವಿಷಯ ನಿಮಗೆ ಬಿಟ್ಟದ್ದು" ಎಂದರು. ಆಮೇಲೆ ಮಾತಿನ ನಡುವೆ ಇನ್ನೊಂದು ಸಂಗತಿ ಹೇಳಿದರು. ಮುಂದಿನ ವರ್ಷದಿಂದ ವೃತ್ತಿಶಿಕ್ಷಣದ ಮಕ್ಕಳಿಗೆ ಹಣದ ಬದಲು ಒಂದೊಂದು ಟ್ಯಾಬ್ ಕೊಟ್ಟರೆ ಹೇಗೆ, ಈಗ ಎಲ್ಲವೂ ಆನ್‌ಲೈನ್ ಅಲ್ಲವೇ ಎಂದು ಟ್ರಸ್ಟಿನಲ್ಲಿ ಚರ್ಚೆ ನಡೆದಿದೆಯಂತೆ. ಆಗಲೇ ನನ್ನ ವಿಷಯ ನಿಶ್ಚಯವಾಯಿತು. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠದ ಬಗ್ಗೆ ನಮ್ಮ ದಂತ ವೈದ್ಯಕೀಯ ವಿದ್ಯಾರ್ಥಿಗಳಿಗೆ ಏನನ್ನಿಸಿತು ಎಂಬುದನ್ನು ಹೇಳುತ್ತೇನೆ. ಟ್ಯಾಬಿನ ಪ್ರಶ್ನೆಗೆ ಉತ್ತರ ಅದರೊಳಗೇ ಇದೆ ಎಂದು ನನಗೆ ಅನಿಸುತ್ತದೆ.

ಮೊದಲು ಬಿಡಿಎಸ್ ಓದು ಹೇಗಿರುತ್ತದೆ ಎಂದು ಪೋಷಕರಿಗಾಗಿ ಸ್ವಲ್ಪ ಹೇಳಬೇಕು. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆಯ ಜೊತೆಗೆ ಮೇಣದ ಗಟ್ಟಿಯಲ್ಲಿ ಒಂದೊಂದೇ ಹಲ್ಲನ್ನು ಕೆತ್ತಿ ತೋರಿಸಬೇಕು. ಎರಡನೇ ವರ್ಷ ಲ್ಯಾಬಿನಲ್ಲಿ ಪ್ಲಾಸ್ಟರ್ ಮಾದರಿಯ ಮೇಲೆ, ಕೃತಕ ಹಲ್ಲಿನ ಮೇಲೆ, ಕಿತ್ತು ತೆಗೆದ ನಿಜವಾದ ಹಲ್ಲಿನ ಮೇಲೆ ಕುಳಿ ಕೊರೆದು ತುಂಬಿಸುವ ಅಭ್ಯಾಸ. ಮೂರನೇ ವರ್ಷಕ್ಕೆ ಕುರ್ಚಿಯಲ್ಲಿ ಜೀವಂತ ಮನುಷ್ಯ ಬಂದು ಕೂರುತ್ತಾನೆ. ಅಂದರೆ ಈ ವಿದ್ಯೆಯಲ್ಲಿ ಪುಸ್ತಕದ ಪಾಲು ಎಷ್ಟಿದೆಯೋ ಕೈಯ ಪಾಲೂ ಅಷ್ಟೇ ಇದೆ. ಕೆಳದವಡೆಯ ಹಲ್ಲು ಕೀಳುವ ಮೊದಲು ಅರಿವಳಿಕೆಯ ಸೂಜಿ ಚುಚ್ಚುತ್ತೇವಲ್ಲ, ಆ ಸೂಜಿಯ ತುದಿ ಒಳಗೆ ಮೂಳೆಗೆ ತಾಗಿತು ಎಂಬುದು ಬೆರಳಿಗೇ ತಿಳಿಯಬೇಕು. ಎನಾಮೆಲ್ ಗಟ್ಟಿ, ಅದರ ಒಳಗಿನ ಡೆಂಟಿನ್ ಮೆದು, ಹುಳುಕು ಹಿಡಿದ ಭಾಗ ಇನ್ನೂ ಮೆದು. ಎಲ್ಲಿ ನಿಲ್ಲಿಸಬೇಕು ಎನ್ನುವುದು ಕಣ್ಣಿಗೆ ಕಾಣುವ ಮೊದಲೇ ಕೈಗೆ ಗೊತ್ತಾಗುತ್ತದೆ.

2020ರ ಮಾರ್ಚ್ ಮಧ್ಯದಲ್ಲಿ ಕಾಲೇಜು ಮುಚ್ಚಿತು. ಎರಡು ವಾರದ ರಜೆ ಎಂದುಕೊಂಡು ಮಕ್ಕಳು ಹಾಸ್ಟೆಲಿನಿಂದ ಒಂದೊಂದು ಚೀಲ ಹಿಡಿದು ಊರಿಗೆ ಹೋದರು. ಪುಸ್ತಕ, ಮೇಣ, ಉಪಕರಣಗಳ ಪೆಟ್ಟಿಗೆ ಎಲ್ಲವೂ ಕೋಣೆಯಲ್ಲೇ ಉಳಿಯಿತು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ನಮ್ಮ ವೃತ್ತಿಯ ಮೇಲೆ ಭಯ ಬೇರೆಯವರಿಗಿಂತ ಹೆಚ್ಚೇ ಇತ್ತು. ರೋಗಿ ಬಾಯಿ ತೆರೆದಿರುತ್ತಾನೆ, ನಮ್ಮ ಮುಖ ಅವನ ಮುಖದಿಂದ ಒಂದು ಗೇಣಿನಷ್ಟು ದೂರ, ಹಲ್ಲು ಕೊರೆಯುವ ಏರೋಟರ್ ನೀರನ್ನೂ ಉಗುಳನ್ನೂ ಮಂಜಿನಂತೆ ಹಾರಿಸುತ್ತದೆ. ಮೇ ತಿಂಗಳಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ದಂತವೈದ್ಯರಿಗೆಂದೇ ಮಾರ್ಗಸೂಚಿ ಕೊಟ್ಟಿತು. ತುರ್ತು ಚಿಕಿತ್ಸೆ ಬಿಟ್ಟು ಉಳಿದದ್ದನ್ನು ಮುಂದೂಡಿ ಎಂಬುದೇ ಅದರ ಸಾರ. ರೋಗಿಗಳೇ ಇಲ್ಲದ ಮೇಲೆ ವಿದ್ಯಾರ್ಥಿಗಳಿಗೆ ಕಲಿಸುವುದೇನನ್ನು? ಪಾಠ ಮೊಬೈಲಿಗೆ ಬಂತು.

ಮೊದಲ ಹದಿನೈದು ದಿನ ಮಕ್ಕಳಿಗೆ ಖುಷಿ. ಇದನ್ನು ಮುಚ್ಚಿಡಬೇಕಾಗಿಲ್ಲ. ಬೆಳಗ್ಗೆ ಐದಕ್ಕೆ ಏಳಬೇಕಿಲ್ಲ, ಬಿಳಿ ಕೋಟಿಗೆ ಇಸ್ತ್ರಿ ಬೇಡ, ಮನೆಯ ಊಟ. ನನಗೂ ಖುಷಿಯೇ ಇತ್ತು. ಮೂರನೇ ವಾರದಿಂದ ಪರದೆಯ ಮೇಲೆ ಕಪ್ಪು ಚೌಕಗಳು ಹೆಚ್ಚತೊಡಗಿದವು. ನೂರರ ಹತ್ತಿರ ಹೆಸರುಗಳು, ಒಂದೇ ಒಂದು ಮುಖವಿಲ್ಲ. "ಅರ್ಥವಾಯಿತೇ?" ಎಂದು ಕೇಳಿದರೆ ಚಾಟಿನಲ್ಲಿ "ಎಸ್ ಮೇಡಂ" ಎಂದು ಸಾಲಾಗಿ ಬರುತ್ತಿತ್ತು. ಯಾರಿಗೆ ಅರ್ಥವಾಗಿದೆ, ಯಾರು ಪಕ್ಕದವರದ್ದನ್ನು ನೋಡಿ ಬರೆದರು, ಯಾರು ಅಲ್ಲಿ ಇಲ್ಲವೇ ಇಲ್ಲ, ಒಂದೂ ತಿಳಿಯದು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಬೇಕು. ಎರಡನೇ ವರ್ಷದ ಒಬ್ಬ ಹುಡುಗಿ. ತರಗತಿಗೆ ಸರಿಯಾದ ಹೊತ್ತಿಗೆ ಸೇರುತ್ತಿದ್ದಳು, ಆದರೆ ಕ್ಯಾಮೆರಾ ಇಲ್ಲ, ಮೈಕ್ ಇಲ್ಲ. ಹೆಸರು ಹಿಡಿದು ಪ್ರಶ್ನೆ ಕೇಳಿದೆ, ಉತ್ತರವಿಲ್ಲ. ಎರಡು ಮೂರು ದಿನ ಹೀಗೇ ಆಯಿತು. ಒಂದು ದಿನ ಎಲ್ಲರಿಗೂ ಕೇಳುವಂತೆ, "ನಿದ್ದೆ ಮುಗಿದ ಮೇಲೆ ತಿಳಿಸಮ್ಮಾ, ಪಾಠ ಮುಂದುವರಿಸುತ್ತೇನೆ" ಎಂದು ಹೇಳಿ ಹಾಜರಾತಿ ಹೊಡೆದು ಹಾಕಿದೆ. ಉಳಿದವರು ನಗುವ ಚಿತ್ರಗಳನ್ನು ಹಾಕಿದರು. ನನಗೆ ಶಿಸ್ತು ಕಾಪಾಡಿದ ಸಮಾಧಾನ.

ಡಿಸೆಂಬರಿನಲ್ಲಿ ಕಾಲೇಜು ತೆರೆದಾಗ ಅವಳೇ ಬಂದು ಹೇಳಿದಳು. ಎರಡು ಕೋಣೆಯ ಮನೆ. ಓದುವವರು ಮೂವರು, ಇವಳು, ಡಿಗ್ರಿಯ ಅಣ್ಣ, ಒಂಬತ್ತನೇ ತರಗತಿಯ ತಂಗಿ. ಸ್ಮಾರ್ಟ್‌ಫೋನ್ ಒಂದೇ. ಗಂಟೆ ಲೆಕ್ಕದಲ್ಲಿ ಪಾಳಿ. ನೆಟ್‌ವರ್ಕ್ ಸಿಗುವುದು ಮುಂದಿನ ಕೋಣೆಯ ಕಿಟಕಿಯ ಬಳಿ ಮಾತ್ರ. ಗಲ್ಫಿನಲ್ಲಿ ಕೆಲಸ ಕಳೆದುಕೊಂಡು ಬಂದ ತಂದೆ ಅದೇ ಕೋಣೆಯಲ್ಲಿ ಕೂತು ತಮ್ಮ ಸಣ್ಣ ಫೋನಿನಿಂದ ಒಬ್ಬೊಬ್ಬರಿಗೇ ಕರೆ ಮಾಡಿ ಕೆಲಸ ಕೇಳುತ್ತಿದ್ದರು. ಕೆಲವೊಮ್ಮೆ ಸಾಲ ಕೇಳುತ್ತಿದ್ದರು. "ಮೈಕ್ ಹಾಕಿದರೆ ಅದೆಲ್ಲ ಇಡೀ ಕ್ಲಾಸಿಗೆ ಕೇಳುತ್ತಿತ್ತು ಮೇಡಂ" ಎಂದಳು. ಇಷ್ಟನ್ನು ಅವಳು ದೂರಿನಂತೆ ಹೇಳಲಿಲ್ಲ. ಪ್ರಾಕ್ಟಿಕಲ್ ರೆಕಾರ್ಡಿಗೆ ಸಹಿ ಹಾಕಿಸಿಕೊಳ್ಳಲು ಬಂದವಳು ಸಹಿಗೆ ಮೊದಲು ಹೇಳಿದ್ದು. ನಾನು ಕ್ಷಮೆ ಕೇಳಿದೆ. ಆದರೆ ನಾನು ಅವಮಾನ ಮಾಡಿದ್ದು ನೂರು ಮಂದಿಯ ಎದುರು, ಕ್ಷಮೆ ಕೇಳಿದ್ದು ನನ್ನ ಕೋಣೆಯಲ್ಲಿ.

ಆ ವರ್ಷ ರಂಜಾನ್ ಬಂದದ್ದು ಏಪ್ರಿಲ್ ಕೊನೆಗೆ. ಹೆಣ್ಣುಮಕ್ಕಳು ಮನೆಯಲ್ಲಿದ್ದಾರೆ ಎಂದರೆ ಓದುತ್ತಿದ್ದಾರೆ ಎಂದು ಮನೆಯವರು ಭಾವಿಸುವುದಿಲ್ಲ, ಬಿಡುವಾಗಿದ್ದಾರೆ ಎಂದು ಭಾವಿಸುತ್ತಾರೆ. ಮಧ್ಯಾಹ್ನ ಮೂರರ ತರಗತಿಗೂ ಇಫ್ತಾರಿನ ಅಡುಗೆಗೂ ಒಂದೇ ಹೊತ್ತು. ಫೋನನ್ನು ಮಸಾಲೆ ಡಬ್ಬಕ್ಕೆ ಒರಗಿಸಿಟ್ಟು ಪಾಠ ಕೇಳಿದೆ ಎಂದು ಹೇಳಿದವರು ಒಬ್ಬಿಬ್ಬರಲ್ಲ. ಇಲ್ಲಿರುವ ಉಮ್ಮಂದಿರು ಬೇಸರಪಟ್ಟುಕೊಳ್ಳಬೇಡಿ. ಅದೇ ಮನೆಯ ಗಂಡುಮಕ್ಕಳಿಗೆ ಕೋಣೆಯ ಬಾಗಿಲು ಹಾಕಿಕೊಳ್ಳಲು ಅವಕಾಶವಿತ್ತು ಎಂಬುದನ್ನಷ್ಟೇ ಹೇಳುತ್ತಿದ್ದೇನೆ.

ಮಲೆಯ ಅಂಚಿನ ಊರುಗಳ ಕಥೆಯೇ ಬೇರೆ. ಸುಳ್ಯ ತಾಲೂಕಿನಲ್ಲಿ ಮಳೆಗೆ ರಸ್ತೆ ಬದಿಯಲ್ಲಿ ಕೂತು ಮೊಬೈಲಿನಲ್ಲಿ ಪಾಠ ಕೇಳುತ್ತಿದ್ದ ಎಸ್ಸೆಸ್ಸೆಲ್ಸಿ ಹುಡುಗಿಗೆ ಅವಳ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು 2021ರಲ್ಲಿ ನೀವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೀರಿ. ನಮ್ಮ ವಿದ್ಯಾರ್ಥಿಗಳಲ್ಲೂ ಗುಡ್ಡ ಹತ್ತಿದವರು, ರಬ್ಬರ್ ತೋಟದ ನಡುವೆ ಕಲ್ಲಿನ ಮೇಲೆ ಕೂತವರು ಇದ್ದರು. ದಿನಕ್ಕೆ ಒಂದೂವರೆ ಜಿಬಿ ಡೇಟಾ ಹಾಕಿಸಿಕೊಂಡವರಿಗೆ ಮಧ್ಯಾಹ್ನದ ಹೊತ್ತಿಗೆ ಅದು ಮುಗಿದುಹೋಗುತ್ತಿತ್ತು.

ಇನ್ನು ಸಮೀಕ್ಷೆಗಳ ವಿಷಯ. ಆ ಎರಡು ವರ್ಷಗಳಲ್ಲಿ ದಂತ ವೈದ್ಯಕೀಯ ವಿದ್ಯಾರ್ಥಿಗಳಿಗೆ ಆನ್‌ಲೈನ್ ಪಾಠ ಹೇಗನಿಸಿತು ಎಂದು ಭಾರತ, ಪಾಕಿಸ್ತಾನ, ಸೌದಿ ಅರೇಬಿಯಾ, ಮಲೇಷ್ಯಾ, ಯುರೋಪು, ಅಮೆರಿಕ ಹೀಗೆ ಎಲ್ಲ ಕಡೆ ಪ್ರಶ್ನಾವಳಿ ಹಂಚಿದರು. ಲೇಖನಗಳು ರಾಶಿ ರಾಶಿ ಬಂದವು. ಬಹುಮಟ್ಟಿಗೆ ಅವು ಹೇಳುವುದು ಒಂದೇ ಮಾತು. ಥಿಯರಿಗೆ ಆನ್‌ಲೈನ್ ಆದೀತು, ಕೈಕೆಲಸಕ್ಕೆ ಆಗದು, ಮುಂದೆ ಎರಡೂ ಬೆರೆತಿದ್ದರೆ ಒಳ್ಳೆಯದು. ನಾನು ಕಂಡದ್ದಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಆದರೆ ಆ ಪ್ರಶ್ನಾವಳಿಗಳಲ್ಲಿ ಹೆಚ್ಚಿನವು ಹೋದದ್ದು ಗೂಗಲ್ ಫಾರ್ಮಿನ ಮೂಲಕ, ವಾಟ್ಸಾಪಿನ ಗುಂಪುಗಳಲ್ಲಿ. ನೆಟ್‌ವರ್ಕ್ ಇದ್ದವರು, ಡೇಟಾ ಉಳಿದಿದ್ದವರು, ಪಾಳಿಯಲ್ಲಿ ಫೋನ್ ಕೈಗೆ ಬಂದವರು ಉತ್ತರಿಸಿದರು. ಕಿಟಕಿಯ ಬಳಿ ಫೋನಿಟ್ಟು ಅಡುಗೆಮನೆಯಲ್ಲಿದ್ದ ಹುಡುಗಿಯ ಅಭಿಪ್ರಾಯ ಯಾವ ಶೇಕಡಾವಾರಿನಲ್ಲೂ ಸೇರಿಲ್ಲ. ನಮ್ಮ ಕಾಲೇಜಿನಲ್ಲಿ ಅಂಥ ಒಂದು ಫಾರ್ಮನ್ನು ಗುಂಪಿನಲ್ಲಿ ಹಾಕಿದವಳು ನಾನೇ.

ಹಾಗೆಂದು ಆನ್‌ಲೈನ್ ಎಂದರೆ ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆಗೂ ನಾನಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ರೆಕಾರ್ಡ್ ಮಾಡಿದ ಪಾಠಗಳು ನಿಜವಾಗಿಯೂ ವರವಾದವು. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಪೆಥಾಲಜಿ ಪಾಠ ಓಡುತ್ತಿದ್ದರೆ ಅವರು ಮೊದಲ ಐದು ನಿಮಿಷದಲ್ಲೇ ದಾರಿ ತಪ್ಪಿರುತ್ತಾರೆ, ಕೈ ಎತ್ತಲು ನಾಚಿಕೆ. ರೆಕಾರ್ಡಿಂಗ್ ಆದರೆ ನಿಲ್ಲಿಸಿ, ಪದದ ಅರ್ಥ ನೋಡಿ, ಮತ್ತೆ ಕೇಳಬಹುದು. ಒಂದು ಪಾಠವನ್ನು ನಾಲ್ಕು ಸಲ ಕೇಳಿದೆ ಎಂದು ಒಬ್ಬ ಹುಡುಗ ಹೆಮ್ಮೆಯಿಂದ ಹೇಳಿದ. ತರಗತಿಯಲ್ಲಿ ಎಂದೂ ಬಾಯಿ ಬಿಡದವರು ಚಾಟಿನಲ್ಲಿ ಪ್ರಶ್ನೆ ಬರೆದರು. ಒಳ್ಳೆಯ ಪ್ರಶ್ನೆಗಳನ್ನೇ ಬರೆದರು. ದೂರದ ಊರಿನ ದೊಡ್ಡ ತಜ್ಞರ ಉಪನ್ಯಾಸವನ್ನು ನಮ್ಮ ಮಕ್ಕಳು ಮನೆಯ ಜಗಲಿಯಲ್ಲಿ ಕೂತು ಕೇಳಿದರು, ಬಸ್ಸಿನ ಖರ್ಚಿಲ್ಲ, ನೋಂದಣಿಯ ಶುಲ್ಕವಿಲ್ಲ.

ಯಾವ ವರ್ಷದಲ್ಲಿ ಓದುತ್ತಿದ್ದರು ಎನ್ನುವುದರ ಮೇಲೂ ಅವರ ಭಾವನೆ ಬೇರೆ ಬೇರೆ. ಮೊದಲ ವರ್ಷದವರು ಅಷ್ಟೊಂದು ಕಂಗೆಡಲಿಲ್ಲ. ಹಾಸ್ಟೆಲಿನಲ್ಲಿ ಮೇಣ ಉಳಿದದ್ದರಿಂದ, "ಮೇಡಂ, ಸೋಪಿನಲ್ಲಿ ಕೆತ್ತಬಹುದೇ?" ಎಂದು ಕೇಳಿದರು. ಕೆತ್ತಿ ಎಂದೆ. ಸ್ನಾನದ ಸೋಪಿನಲ್ಲಿ ಮುಂಬಲ್ಲು, ಕೋರೆಹಲ್ಲು, ದವಡೆಹಲ್ಲು ಎಲ್ಲ ಕೆತ್ತಿ ಫೋಟೋ ಕಳಿಸಿದರು. ಒಬ್ಬಳ ಉಮ್ಮ ಫೋನ್ ತೆಗೆದುಕೊಂಡು, "ಡಾಕ್ಟ್ರೇ, ಈ ತಿಂಗಳ ಸೋಪೆಲ್ಲ ನಿಮ್ಮ ಹಲ್ಲಿಗೇ ಹೋಯಿತು" ಎಂದರು. ನಾವಿಬ್ಬರೂ ನಕ್ಕೆವು. ಆದರೆ ಫೋಟೋದಲ್ಲಿ ಹಲ್ಲನ್ನು ತಿರುಗಿಸಿ ನೋಡಲಾಗುವುದಿಲ್ಲ. ಲ್ಯಾಬಿನಲ್ಲಾದರೆ ಕೈಗೆ ತೆಗೆದುಕೊಂಡು, ಹಿಂಬದಿ ಚಪ್ಪಟೆಯಾಗಿದೆ, ಇಲ್ಲಿ ಉಬ್ಬು ಬೇಕು ಎಂದು ಅದೇ ಚಾಕುವಿನಲ್ಲಿ ಒಂದು ಗೀರು ಹಾಕಿ ತೋರಿಸುತ್ತಿದ್ದೆ.

ಎರಡನೇ ಮತ್ತು ಮೂರನೇ ವರ್ಷದವರಿಗೆ ಚಡಪಡಿಕೆ. ಕೊನೆಯ ವರ್ಷದವರಿಗೆ, ಇಂಟರ್ನ್‌ಗಳಿಗೆ ಭಯ. ಪರೀಕ್ಷೆ ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಇಂಟರ್ನ್‌ಗಳಲ್ಲಿ ಕೆಲವರು ಹಲ್ಲು ಮುಟ್ಟುವ ಬದಲು ಗಂಟಲು ದ್ರವದ ಮಾದರಿ ತೆಗೆಯುವ ಕೆಲಸಕ್ಕೆ ಹೋದರು. ಸೇವೆಯ ದೃಷ್ಟಿಯಿಂದ ಅದು ದೊಡ್ಡದು. ಆದರೆ ಆ ತಿಂಗಳುಗಳಲ್ಲಿ ಅವರ ಕೈ ಕಲಿಯಬೇಕಿದ್ದದ್ದು ಬೇರೆ.

ಡಿಸೆಂಬರಿನಲ್ಲಿ ಲ್ಯಾಬಿಗೆ ಬಂದ ಮೊದಲ ವಾರದ ಒಂದು ಘಟನೆ. ಆನ್‌ಲೈನ್ ಬಹುಆಯ್ಕೆ ಪರೀಕ್ಷೆಗಳಲ್ಲಿ ಪೂರ್ತಿ ಅಂಕ ಪಡೆಯುತ್ತಿದ್ದ ಹುಡುಗ. ಕುಳಿಯ ಆಳ ಎಷ್ಟಿರಬೇಕು, ಗೋಡೆ ಹೇಗಿರಬೇಕು, ಮೂಲೆಗಳನ್ನು ಯಾಕೆ ಗುಂಡಗೆ ಮಾಡಬೇಕು ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಾನೆ. ಕಿತ್ತ ಹಲ್ಲೊಂದನ್ನು ಕೊಟ್ಟು ಏರೋಟರ್ ಹಿಡಿಸಿದೆ. ನಿಮಿಷಕ್ಕೆ ಮೂರು ನಾಲ್ಕು ಲಕ್ಷ ಸುತ್ತು ತಿರುಗುವ ಯಂತ್ರ ಅದು. ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿ ಆಧಾರ ತೆಗೆದುಕೊಳ್ಳಬೇಕು ಎಂಬುದು ಅವನಿಗೆ ಗೊತ್ತಿತ್ತು. ಬೆರಳಿಗೆ ಗೊತ್ತಿರಲಿಲ್ಲ. ಕೆಲವೇ ಕ್ಷಣಗಳಲ್ಲಿ ಎನಾಮೆಲ್, ಡೆಂಟಿನ್ ಎರಡನ್ನೂ ದಾಟಿ ನರದ ಕೋಣೆಗೇ ಇಳಿದುಬಿಟ್ಟ. ಹಲ್ಲಿನ ಒಡೆಯ ಆ ಹೊತ್ತಿಗೆ ಎಲ್ಲೋ ಆರಾಮವಾಗಿ ಚಹಾ ಕುಡಿಯುತ್ತಿದ್ದಿರಬೇಕು, ನೋವಾದದ್ದು ಹುಡುಗನಿಗೆ ಮಾತ್ರ. ಬೆವರು ಒರೆಸಿಕೊಂಡು, "ಮೇಡಂ, ವಿಡಿಯೋದಲ್ಲಿ ಇಷ್ಟು ಬೇಗ ಇಳಿಯುವುದಿಲ್ಲ" ಎಂದ.

ಆ ಬ್ಯಾಚಿಗೆ ನಾವು ಸಂಜೆ ಹೆಚ್ಚುವರಿ ಹೊತ್ತು ಲ್ಯಾಬ್ ತೆರೆದೆವು. ಭಾನುವಾರವೂ ತೆರೆದೆವು. ಸ್ವಲ್ಪ ಸರಿಹೋಗುತ್ತಿದೆ ಎನ್ನುವಷ್ಟರಲ್ಲಿ 2021ರ ಏಪ್ರಿಲ್ ಕೊನೆಗೆ ರಾಜ್ಯದಲ್ಲಿ ಮತ್ತೆ ಲಾಕ್‌ಡೌನ್. ಈ ಸಲ ಮಕ್ಕಳು ಉಪಕರಣದ ಪೆಟ್ಟಿಗೆ ಮರೆಯದೆ ಮನೆಗೆ ಒಯ್ದರು. ಎರಡನೇ ಅಲೆಯಲ್ಲಿ ಹಲವರ ಮನೆಗಳಲ್ಲಿ ಸಾವು ಸಂಭವಿಸಿತು, ಆ ತಿಂಗಳುಗಳ ಪಾಠದ ಬಗ್ಗೆ ನಾನು ಏನೂ ಹೇಳಲಾರೆ.

ಇದರಲ್ಲಿ ನಷ್ಟ ಯಾರದ್ದು? ಮಕ್ಕಳದ್ದು ಮಾತ್ರ ಅಲ್ಲ. ಆಗ ಕೊನೆಯ ವರ್ಷದಲ್ಲಿದ್ದ ಒಬ್ಬ ಹುಡುಗಿ ಪದವಿ ಮುಗಿಸಿದ ಮೇಲೆ ನನಗೆ ಫೋನ್ ಮಾಡಿದಳು. ಊರಿನಲ್ಲಿ ಕ್ಲಿನಿಕ್ ತೆರೆಯಲು ಅಂಗಡಿಕೋಣೆಗೆ ಮುಂಗಡ ಕೊಟ್ಟಾಗಿತ್ತು, ಕುರ್ಚಿಯ ಮಾತೂ ಮುಗಿದಿತ್ತು. "ಮೇಡಂ, ಸರ್ಟಿಫಿಕೇಟ್ ಇದೆ. ಆದರೆ ಕೆಳಗಿನ ದವಡೆಹಲ್ಲು ಕೀಳಲು ಧೈರ್ಯ ಇಲ್ಲ. ನಾನು ಕಿತ್ತದ್ದನ್ನು ಬೆರಳಲ್ಲಿ ಎಣಿಸಬಹುದು" ಎಂದಳು. ಹೀಗೆ ಒಪ್ಪಿಕೊಳ್ಳಲು ಎಷ್ಟು ಧೈರ್ಯ ಬೇಕು ನೋಡಿ. ಆರು ತಿಂಗಳು ಹಿರಿಯರೊಬ್ಬರ ಕ್ಲಿನಿಕ್ಕಿನಲ್ಲಿ ಕೈಗೂಡಿಸು, ಆಮೇಲೆ ಬಾಗಿಲು ತೆರೆ ಎಂದೆ. ಮನೆಯಲ್ಲಿ ಮಾತು ಕೇಳಬೇಕಾಯಿತು, ಆರು ತಿಂಗಳ ಬಾಡಿಗೆ ದಂಡವಾಯಿತು. ಅವಳು ಹಾಗೇ ಮಾಡಿದಳು. ಆ ಆರು ತಿಂಗಳನ್ನು ಹಣವಿಲ್ಲದೆ ಕಳೆಯಲು ಆಗದವರೂ ಆ ಬ್ಯಾಚಿನಲ್ಲಿ ಇದ್ದರು. ಅವರು ನೇರ ಕ್ಲಿನಿಕ್ ತೆರೆದು ರೋಗಿಗಳ ಮೇಲೆಯೇ ಕಲಿತಿರಬೇಕು.

ಈಗ ಟ್ಯಾಬಿನ ವಿಷಯಕ್ಕೆ ಬರುತ್ತೇನೆ. ಟ್ರಸ್ಟಿನ ಹಿರಿಯರಲ್ಲಿ ನನ್ನ ಕೋರಿಕೆ, ಎಲ್ಲರಿಗೂ ಒಂದೇ ಬಗೆಯ ಟ್ಯಾಬ್ ಕೊಡಬೇಡಿ. ಫೋನೇ ಇಲ್ಲದ ಮಗುವಿಗೆ ಖಂಡಿತ ಕೊಡಿ. ಆದರೆ ಆ ಹುಡುಗಿಗೆ ನಾವು ಟ್ಯಾಬ್ ಕೊಟ್ಟಿದ್ದರೂ ಅವಳು ಅದನ್ನು ಅದೇ ಕಿಟಕಿಯ ಬಳಿ ಇಟ್ಟು ಅಡುಗೆಮನೆಗೆ ಹೋಗುತ್ತಿದ್ದಳು. ಅವಳಿಗೆ ಇಲ್ಲದಿದ್ದದ್ದು ಕೂತು ಓದುವ ಜಾಗ. ಈ ಕಟ್ಟಡದ ಮೇಲ್ಮಹಡಿಯ ಸಭಾಂಗಣ ವಾರದ ಹೆಚ್ಚಿನ ದಿನ ಬೀಗ ಹಾಕಿಕೊಂಡಿರುತ್ತದೆ. ಅಲ್ಲಿ ಹತ್ತು ಮೇಜು, ಒಂದು ಇಂಟರ್ನೆಟ್ ಸಂಪರ್ಕ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಹೊತ್ತು, ಮಗ್ರಿಬ್ ಆದ ಮೇಲೆ ಮನೆಗೆ ಬಿಡಲು ಒಂದು ವಾಹನ. ಇಷ್ಟಾದರೆ ಒಂದೂರಿನ ಮಕ್ಕಳಿಗೆ ಸಾಕು.

ಇನ್ನೊಂದು, ಉಪಕರಣಗಳು. ಬಿಡಿಎಸ್‌ಗೆ ಸೀಟು ಸಿಕ್ಕಿದ ದಿನ ತಂದೆ ತಾಯಿ ಶುಲ್ಕದ ಲೆಕ್ಕ ಮಾತ್ರ ಹಾಕುತ್ತಾರೆ. ಕೆತ್ತುವ ಚಾಕು, ಆರ್ಟಿಕ್ಯುಲೇಟರ್, ಏರೋಟರಿನ ಹಿಡಿಕೆ, ಕೃತಕ ಹಲ್ಲುಗಳ ಸೆಟ್ಟು ಒಂದೊಂದಾಗಿ ಆಮೇಲೆ ಬರುತ್ತವೆ. ನಾನು ಓದುವಾಗ ನನ್ನ ಮೊದಲ ಪೆಟ್ಟಿಗೆ ನನಗಿಂತ ಮೂರು ವರ್ಷ ಹಿರಿಯಳೊಬ್ಬಳದ್ದು. ಅವಳ ಹೆಸರಿನ ಮೊದಲಕ್ಷರ ಕೊರೆದಿದ್ದ ಚಾಕು ಈಗಲೂ ನನ್ನ ಮೇಜಿನಲ್ಲಿದೆ. ಹಿಂತಿರುಗಿಸಬೇಕಿತ್ತು, ಹಿಂತಿರುಗಿಸಲಿಲ್ಲ. ಟ್ರಸ್ಟಿನಲ್ಲಿ ಪುಸ್ತಕ ಬ್ಯಾಂಕ್ ಇದ್ದಂತೆ ಉಪಕರಣಗಳ ಬ್ಯಾಂಕ್ ಮಾಡಬಹುದು. ಓದು ಮುಗಿಸಿದವರು ತಂದು ಕೊಡಬೇಕು, ಸ್ವಚ್ಛಗೊಳಿಸಿ ಮುಂದಿನವರಿಗೆ ಕೊಡಬೇಕು. ನನ್ನ ಕಡೆಯಿಂದ ಎರಡು ಸೆಟ್ಟು ಇಂದೇ ಕಾರಿನಲ್ಲಿ ತಂದಿದ್ದೇನೆ.

ಮಕ್ಕಳೇ, ನಿಮಗೆ ಒಂದು ಮಾತು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಅಂಕ ಕೇಳುತ್ತಾರೆ, ಆದಾಯ ಪ್ರಮಾಣಪತ್ರ ಕೇಳುತ್ತಾರೆ, ರೇಷನ್ ಕಾರ್ಡಿನ ಪ್ರತಿ ಕೇಳುತ್ತಾರೆ. ಮನೆಯಲ್ಲಿ ಎಲ್ಲಿ ಕೂತು ಓದುತ್ತೀಯಾ, ಫೋನ್ ಎಷ್ಟು ಮಂದಿಯ ನಡುವೆ ಇದೆ, ನಿನ್ನ ಕೋರ್ಸಿನಲ್ಲಿ ಕೈಯಿಂದ ಕಲಿಯಬೇಕಾದ್ದು ಏನು, ಅದಕ್ಕೆ ಏನು ಬೇಕು ಎಂದು ಯಾರೂ ಕೇಳುವುದಿಲ್ಲ. ಮುಂದಿನ ಸಲ ಅರ್ಜಿಯಲ್ಲಿ ಅದಕ್ಕೂ ಒಂದು ಸಾಲು ಸೇರಿಸುತ್ತೇವೆ ಎಂದು ಕಾರ್ಯದರ್ಶಿಯವರು ಈಗಷ್ಟೇ ತಲೆಯಾಡಿಸಿದರು, ನೀವೆಲ್ಲ ಸಾಕ್ಷಿ. ಅಲ್ಲಿಯವರೆಗೆ ಅರ್ಜಿಯ ಹಿಂಬದಿ ಖಾಲಿಯೇ ಇದೆ. ಈ ವರ್ಷ ನವೀಕರಣಕ್ಕೆ ಕೊಡುವವರು ಅಲ್ಲಿ ನಾಲ್ಕು ಸಾಲು ಕನ್ನಡದಲ್ಲೇ ಬರೆಯಿರಿ, ಸಂಕೋಚ ಬೇಡ.

ದಂತ ವೈದ್ಯಕೀಯ, ನರ್ಸಿಂಗ್, ಲ್ಯಾಬ್ ಟೆಕ್ನಿಷಿಯನ್ ಓದುತ್ತಿರುವವರು ಊಟವಾದ ಮೇಲೆ ಹತ್ತು ನಿಮಿಷ ನಿಲ್ಲಿ. ಯಾರಿಗೆ ಯಾವ ಉಪಕರಣ ಬೇಕು ಎಂದು ಒಂದು ಪಟ್ಟಿ ಮಾಡೋಣ. ಪೆನ್ನು ಕಾಗದ ನನ್ನ ಹತ್ತಿರ ಇದೆ.